ಕೈಫಿಯತ್ತುಗಳ ಹಿಂದಿನ ಸ್ನೇಹ: ಕಾಲಿನ್ ಮೆಕೆಂಜಿ ಮತ್ತು ಕಾವಲಿ ಸಹೋದರರು

ಬಳ್ಳಾರಿ, ಆದವಾನಿ, ರಾಯದುರ್ಗ ಸೀಮೆಯ ಸ್ಥಳೀಯ ಚರಿತ್ರೆಯನ್ನು ಬರೆಯಹೊರಟವರು ಒಂದಲ್ಲ ಒಂದು ಹಂತದಲ್ಲಿ ಕೈಫಿಯತ್ತುಗಳ ಬಳಿಗೆ ಬರಲೇಬೇಕಾಗುತ್ತದೆ. ಊರಿನ ಕೋಟೆಯನ್ನು ಕಟ್ಟಿಸಿದವರಾರು, ಕೆರೆಗೆ ದತ್ತಿ ಬಿಟ್ಟವರಾರು, ಪಾಳೆಯಗಾರರ ವಂಶ ಎಲ್ಲಿಂದ ಬಂದು ಎಲ್ಲಿ ಮುಗಿಯಿತು ಎಂಬ ಪ್ರಶ್ನೆಗಳಿಗೆ ಶಾಸನಗಳು ಉತ್ತರಿಸದ ಕಡೆ ಈ ಬರಹಗಳು ಉತ್ತರಿಸುತ್ತವೆ; ಕೆಲವೊಮ್ಮೆ ದಾರಿ ತಪ್ಪಿಸುತ್ತವೆ ಕೂಡ. ವಿದ್ವತ್ ವಲಯದಲ್ಲಿ ಇವುಗಳಿಗೆ ‘ಮೆಕೆಂಜಿ ಸಂಗ್ರಹ’ ಎಂಬ ಹೆಸರು ಸ್ಥಿರವಾಗಿದೆ. ಆದರೆ ಈ ಹೆಸರನ್ನು ಹೊತ್ತ ಅಧಿಕಾರಿಗೆ ಕನ್ನಡವಾಗಲಿ ತೆಲುಗಾಗಲಿ ಬರುತ್ತಿರಲಿಲ್ಲ. ಆತ ಓದಲಾರದ ಲಿಪಿಗಳಲ್ಲಿ, ಆತ ಆಡಲಾರದ ಭಾಷೆಗಳಲ್ಲಿ ಇಷ್ಟು ದೊಡ್ಡ ಭಂಡಾರ ಹೇಗೆ ಸೇರಿತು ಎಂದು ಕೇಳಿದರೆ, ಉತ್ತರವು ಏಲೂರಿನ ಒಬ್ಬ ಯುವಕನ ಬಳಿಗೆ ನಮ್ಮನ್ನು ಕರೆದೊಯ್ಯುತ್ತದೆ. ಕಾವಲಿ ವೆಂಕಟ ಬೋರಯ್ಯ ಎಂಬ ಆ ಯುವಕ ಮೆಕೆಂಜಿಯ ಸಂಬಳದ ನೌಕರ. ಆದರೆ ಮೆಕೆಂಜಿ ಅವನನ್ನು ಕುರಿತು ಬರೆದ ಮಾತುಗಳಲ್ಲಿರುವ ಕೃತಜ್ಞತೆ ನೌಕರನೊಬ್ಬನಿಗೆ ಸಲ್ಲುವ ವಾಡಿಕೆಯ ಪ್ರಶಂಸೆಯನ್ನು ಮೀರಿದ್ದು. ಈ ಸಂಬಂಧವನ್ನು ಸ್ನೇಹವೆನ್ನಬಹುದೇ, ಎನ್ನಬಹುದಾದರೆ ಅದರ ಮಿತಿ ಯಾವುದು, ಆ ಮಿತಿಯಿಂದ ಗಡಿನಾಡಿನ ಚರಿತ್ರೆಗೆ ಏನಾಯಿತು ಎಂಬುದು ಪ್ರಸ್ತುತ ಲೇಖನದ ವಿಚಾರ.

ಮೆಕೆಂಜಿ ಹುಟ್ಟಿದ್ದು ಸ್ಕಾಟ್ಲೆಂಡಿನ ಪಶ್ಚಿಮದ ಅಂಚಿನಲ್ಲಿರುವ ಲೂಯಿಸ್ ದ್ವೀಪದ ಸ್ಟೋರ್ನೊವೇ ಪಟ್ಟಣದಲ್ಲಿ, 1754ರ ಸುಮಾರಿಗೆ. ಆ ದ್ವೀಪದ ಜನಸಾಮಾನ್ಯರ ಭಾಷೆ ಗೇಲಿಕ್; ಆಡಳಿತದ ಭಾಷೆ ಇಂಗ್ಲಿಷ್. ಅಲ್ಲಿಯ ಸುಂಕದ ಕಚೇರಿಯಲ್ಲಿ ಕೆಲಸ ಮಾಡಿದ್ದ ಆತ 1783ರಲ್ಲಿ ಮದರಾಸಿಗೆ ಬಂದು ಕಂಪನಿಯ ಸೈನ್ಯ ಸೇರಿದ. ಎಂಜಿನಿಯರನಾಗಿ ಮೂರನೆಯ ಮೈಸೂರು ಯುದ್ಧದಲ್ಲಿ ದುಡಿದ. ನಿಜಾಮನ ಸೀಮೆಯಲ್ಲಿ ಮೋಜಣಿ ಮಾಡಿದ. ಈ ಮೊದಲ ಹದಿಮೂರು ವರ್ಷಗಳು ತನ್ನ ಇತಿಹಾಸಾಸಕ್ತಿಯ ದೃಷ್ಟಿಯಿಂದ ಹೆಚ್ಚು ಫಲ ಕೊಡಲಿಲ್ಲವೆಂದು ಆತನೇ ಮುಂದೆ ಬರೆದ. ಕಣ್ಣಿಗೆ ಬಿದ್ದ ದೇವಾಲಯ, ಶಾಸನ, ವೀರಗಲ್ಲುಗಳನ್ನು ಅಳೆಯಬಲ್ಲವನಾಗಿದ್ದ, ಚಿತ್ರಿಸಬಲ್ಲವನಾಗಿದ್ದ. ಅವು ಏನು ಹೇಳುತ್ತಿವೆ ಎಂಬುದನ್ನು ತಿಳಿಯುವ ದಾರಿ ಮಾತ್ರ ಮುಚ್ಚಿತ್ತು.

1796ರಲ್ಲಿ ಸಿಂಹಳದ ದಂಡಯಾತ್ರೆಯಿಂದ ಹಿಂತಿರುಗಿದ ಮೇಲೆ ಆ ದಾರಿ ತೆರೆಯಿತು. ಆಗ ಮೆಕೆಂಜಿಗೆ ನಲವತ್ತು ದಾಟಿತ್ತು. ಬೋರಯ್ಯನಿಗೆ ಇಪ್ಪತ್ತರ ಆಸುಪಾಸು. ಬೋರಯ್ಯ ನಿಯೋಗಿ ಬ್ರಾಹ್ಮಣ ಮನೆತನದವನು. ಕರಣಿಕ ವೃತ್ತಿ, ಲೆಕ್ಕಪತ್ರ, ರಾಜಕಾರ್ಯದ ಪತ್ರವ್ಯವಹಾರಗಳು ಈ ಸಮುದಾಯಕ್ಕೆ ತಲೆಮಾರುಗಳಿಂದ ಒಗ್ಗಿದ್ದವು. ತೆಲುಗು ಮತ್ತು ಸಂಸ್ಕೃತದ ಕಾವ್ಯಸಂಸ್ಕಾರದ ಜೊತೆಗೆ ಹಲವು ಆಡಳಿತ ಭಾಷೆಗಳ ಪರಿಚಯ, ಹೊಸ ದೊರೆಗಳ ಇಂಗ್ಲಿಷು, ಯಾರೊಡನೆಯೂ ಕಲೆತು ಮಾತನಾಡುವ ಗುಣ ಇವೆಲ್ಲ ಒಬ್ಬ ಹುಡುಗನಲ್ಲಿ ಕೂಡಿಬಂದಿದ್ದವು.

1817ರ ಫೆಬ್ರವರಿಯಲ್ಲಿ ಮೆಕೆಂಜಿ ತನ್ನ ಹಳೆಯ ಪರಿಚಿತ ಸರ್ ಅಲೆಕ್ಸಾಂಡರ್ ಜಾನ್‌ಸ್ಟನ್‌ನಿಗೆ ಒಂದು ದೀರ್ಘ ಪತ್ರ ಬರೆದ. ತನ್ನ ಜೀವಿತದ ವಿದ್ವತ್ ಕಾರ್ಯವನ್ನು ಹಿಂತಿರುಗಿ ನೋಡುವ ಈ ಪತ್ರ 1834ರಲ್ಲಿ ರಾಯಲ್ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಅಚ್ಚಾಯಿತು. ಭಾರತೀಯ ಜ್ಞಾನದ ಹೆಬ್ಬಾಗಿಲಿನೊಳಗೆ ತಾನು ಇಟ್ಟ ಮೊದಲ ಹೆಜ್ಜೆ ಬೋರಯ್ಯನ ಸ್ನೇಹಸಂಬಂಧದಿಂದಲೇ ಆದದ್ದು ಎಂದು ಅದರಲ್ಲಿ ಆತ ಹೇಳುತ್ತಾನೆ. ತನಗೆ ಇಲ್ಲಿಯ ಭಾಷೆಗಳು ತಿಳಿಯವೆಂದು ಯಾವ ಸಂಕೋಚವೂ ಇಲ್ಲದೆ ಒಪ್ಪಿಕೊಳ್ಳುತ್ತಾನೆ. ಬಹುಕಾಲ ಹುಡುಕುತ್ತಿದ್ದುದನ್ನು ಪಡೆಯುವ ಧೈರ್ಯವೂ ಸಾಧನವೂ ಈ ಒಬ್ಬನ ಪ್ರತಿಭೆಯಿಂದ ಒದಗಿದವು ಎನ್ನುತ್ತಾನೆ. ಈ ಕಾರ್ಯಕ್ಕೆ ಹದಿನೈದು ಭಾಷಾಪ್ರಭೇದಗಳೂ ಇಪ್ಪತ್ತನಾಲ್ಕು ಬಗೆಯ ಲಿಪಿಗಳೂ ಬೇಕಾದವೆಂಬ ಲೆಕ್ಕ ಕೂಡ ಅಲ್ಲಿಯೇ ಇದೆ. ಬೋರಯ್ಯ ತೀರಿಕೊಂಡು ಆಗಲೇ ಹದಿನಾಲ್ಕು ವರ್ಷ ಕಳೆದಿತ್ತು ಎಂಬುದನ್ನು ನೆನಪಿನಲ್ಲಿಟ್ಟು ಈ ಮಾತುಗಳನ್ನು ಓದಬೇಕು. ಸತ್ತ ನೌಕರನಿಂದ ಒಡೆಯನಿಗೆ ಆಗಬೇಕಾದ ಕೆಲಸ ಏನೂ ಉಳಿದಿರಲಿಲ್ಲ. ಪತ್ರವನ್ನು ಓದಲಿದ್ದವನು ಒಬ್ಬ ಉನ್ನತಾಧಿಕಾರಿ. ಅವನ ಮುಂದೆ ತನ್ನ ಕೀರ್ತಿಯ ಮೂಲವನ್ನು ಇನ್ನೊಬ್ಬನಿಗೆ, ಅದೂ ಆಳಿಸಿಕೊಳ್ಳುವ ಜನಾಂಗದ ಒಬ್ಬನಿಗೆ ಒಪ್ಪಿಸಿಕೊಡುವುದು ಆ ಕಾಲದ ಕಂಪನಿ ಅಧಿಕಾರಿಗಳಲ್ಲಿ ಸಾಮಾನ್ಯವಾಗಿ ಕಾಣುವ ನಡೆಯಲ್ಲ.

ಬೋರಯ್ಯ ಮಾಡಿದ ಕೆಲಸವಾದರೂ ಎಂಥದು? 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಯ ಮೋಜಣಿಯ ಹೊಣೆ ಮೆಕೆಂಜಿಗೆ ಬಂತು. ಆ ವರ್ಷದ ಕೊನೆಯಲ್ಲಿಯೇ ಆತ ಹಂಪೆಯ ಅವಶೇಷಗಳನ್ನು ಅಳೆದು ನಕ್ಷೆ ತೆಗೆದ. ಮರುವರ್ಷ, 1800ರಲ್ಲಿ, ನಿಜಾಮನು ಬಳ್ಳಾರಿ, ಆದವಾನಿ, ರಾಯದುರ್ಗ, ಕಡಪ ಮೊದಲಾದ ಪ್ರದೇಶಗಳನ್ನು ಕಂಪನಿಗೆ ಬಿಟ್ಟುಕೊಟ್ಟ. ಅವೇ ದತ್ತ ಮಂಡಲಗಳು. ಮೈಸೂರಿನ ಮೋಜಣಿಯ ನಂತರ ಈ ಮಂಡಲಗಳ ಮೋಜಣಿಯೂ ಮೆಕೆಂಜಿಯ ಮೇಲ್ವಿಚಾರಣೆಗೆ ಬಂತು. ಸರಪಳಿ ಹಿಡಿದು ಹೊಲ ಅಳೆಯಲು ಬಂದವರನ್ನು ಹಳ್ಳಿಗಳು ಕಂದಾಯ ಏರಿಸಲು ಬಂದವರೆಂದೇ ತಿಳಿಯುತ್ತವೆ. ಆ ಅನುಮಾನ ನಿರಾಧಾರವೂ ಅಲ್ಲ. ಶಾನುಭೋಗರ ಮನೆಯ ಕಡತಗಳಲ್ಲಿ, ಹಳ್ಳಿಯ ಕವಿಲೆಗಳಲ್ಲಿ, ಮಠದ ತಾಮ್ರಶಾಸನಗಳಲ್ಲಿ ಇದ್ದದ್ದು ಬರಿಯ ಚರಿತ್ರೆಯಲ್ಲ. ಅದು ಮಾನ್ಯದ ಹಕ್ಕು, ಇನಾಮಿನ ಆಧಾರ, ವತನದ ರುಜುವಾತು. ಅಪರಿಚಿತ ದೊರೆಗೆ ಅದನ್ನು ಬಿಚ್ಚಿ ತೋರಿಸಬೇಕಾದರೆ ನಡುವೆ ಒಬ್ಬ ನಂಬಿಕೆಯ ಮನುಷ್ಯ ಬೇಕು. ಎಲ್ಲ ಪಂಥದವರನ್ನೂ ಎಲ್ಲ ಕುಲದವರನ್ನೂ ಒಲಿಸಿಕೊಳ್ಳುವ ಸೌಮ್ಯತೆ ಬೋರಯ್ಯನಲ್ಲಿತ್ತೆಂದು ಮೆಕೆಂಜಿ ಎತ್ತಿ ಹೇಳುವುದು ಈ ಕಾರಣಕ್ಕೆ. ಯಾರನ್ನು ಕೇಳಬೇಕು, ಯಾವ ಪ್ರಶ್ನೆ ಮೊದಲು ಕೇಳಬೇಕು, ಕೇಳಿದ್ದನ್ನು ಯಾವ ಕ್ರಮದಲ್ಲಿ ಬರೆಯಬೇಕು ಎಂಬ ವಿಧಾನವೇ ಅವನ ಓಡಾಟದಲ್ಲಿ ರೂಪುಗೊಂಡಿತು.

ಏಷ್ಯಾಟಿಕ್ ರಿಸರ್ಚಸ್‌ನ ಒಂಬತ್ತನೆಯ ಸಂಪುಟದಲ್ಲಿ ಜೈನರನ್ನು ಕುರಿತ ಒಂದು ಬರಹವಿದೆ. ಮುದ್ಗೇರಿ ಎಂದು ಅಲ್ಲಿ ನಮೂದಾಗಿರುವ ಊರಿನ ಜೈನ ಪುರೋಹಿತರೊಬ್ಬರಿಂದ ಕೇಳಿ ಸಂಗ್ರಹಿಸಿದ ವೃತ್ತಾಂತ ಅದು. ಅದನ್ನು ಮೇಜರ್ ಮೆಕೆಂಜಿಗಾಗಿ ಅನುವಾದಿಸಿದವನು ಕಾವಲಿ ಬೋರಯ್ಯನೆಂದು ಶೀರ್ಷಿಕೆಯಲ್ಲಿಯೇ ಹೇಳಿದೆ. ಸಂಪುಟ ಹೊರಬರುವಷ್ಟರಲ್ಲಿ ಬೋರಯ್ಯ ಇರಲಿಲ್ಲ. ಏಳು ವರ್ಷಗಳ ದುಡಿಮೆಯ ನಂತರ, 1803ರಲ್ಲಿ, ಮೂವತ್ತನ್ನೂ ಮುಟ್ಟದೆ ಅವನು ಹಠಾತ್ತನೆ ತೀರಿಕೊಂಡ. ಆದರೂ ಹೆಸರು ಉಳಿಯಿತು. ಅದನ್ನು ಉಳಿಸಿದವನು ಮೆಕೆಂಜಿ.

ಬೋರಯ್ಯನ ಸಾವಿನಿಂದ ಕೆಲಸ ನಿಲ್ಲಲಿಲ್ಲ. ತಮ್ಮಂದಿರನ್ನೂ ಬ್ರಾಹ್ಮಣ, ಜೈನ, ತಮಿಳು ಮೂಲದ ಇನ್ನೂ ಹಲವರನ್ನೂ ಅವನು ಈ ವಿದ್ಯೆಯಲ್ಲಿ ತರಬೇತುಗೊಳಿಸಿಯೇ ಹೋಗಿದ್ದನೆಂದು ಮೆಕೆಂಜಿ ಬರೆದಿದ್ದಾನೆ. ತಮ್ಮ ಕಾವಲಿ ವೆಂಕಟ ಲಕ್ಷ್ಮಯ್ಯ ಅಣ್ಣನ ಜಾಗಕ್ಕೆ ಬಂದ; ಮುಂದಿನ ಹದಿನೆಂಟು ವರ್ಷ ಇಡೀ ಸಂಗ್ರಹಕಾರ್ಯದ ಸೂತ್ರ ಹಿಡಿದ. ಹಳ್ಳಿಹಳ್ಳಿಗೆ ಹೋದ ಗುಮಾಸ್ತರು ವರದಿಗಳನ್ನು ಬರೆದು ಕಳಿಸಿದ್ದು ಅವನಿಗೆ. 1817ರಲ್ಲಿ ಭಾರತದ ಸರ್ವೇಯರ್ ಜನರಲ್ ಆಗಿ ಮೆಕೆಂಜಿ ಕಲ್ಕತ್ತೆಗೆ ಹೋದಾಗ ಲಕ್ಷ್ಮಯ್ಯನೂ ಪಂಡಿತರ ಗುಂಪಿನೊಡನೆ ಜೊತೆಗೆ ಹೋದ. ಈ ಕೆಲಸಕ್ಕೆ ಮೆಕೆಂಜಿ ತನ್ನ ಸ್ವಂತ ಹಣವನ್ನೂ ವ್ಯಯಿಸುತ್ತಿದ್ದ.

ಈ ಕೂಟದಲ್ಲಿ ಕನ್ನಡದ ಪಾಲು ಏನೆಂಬುದನ್ನು ಇಲ್ಲಿ ಹೇಳಬೇಕು. ಹಳಗನ್ನಡ ಶಾಸನಗಳ ಓದಿಗೆ ಆಸರೆಯಾದವನು ಮಲೆಯೂರಿನ ಜೈನ ಪಂಡಿತ ಧರ್ಮಯ್ಯ. ಇಂದಿನ ಚಾಮರಾಜನಗರ ಜಿಲ್ಲೆಯ ಈ ಊರು, ರಾಜ್ಯದ ಗಡಿಯಾಚೆಗೆ ಉಳಿದ ತಾಳವಾಡಿ ಸೀಮೆಗೆ ಬಹಳ ದೂರದ್ದಲ್ಲ. ಅದೇ ಮಲೆಯೂರಿನ ಕನಕಗಿರಿಯವನೇ ‘ರಾಜಾವಳಿ ಕಥೆ’ಯ ಕರ್ತೃ ದೇವಚಂದ್ರ. 1804ರಲ್ಲಿ ಮೆಕೆಂಜಿ ಅಲ್ಲಿಗೆ ಬಂದು ಹಳೆಯ ವೃತ್ತಾಂತಗಳನ್ನು ವಿಚಾರಿಸಿದ ಪ್ರಸಂಗವನ್ನು ದೇವಚಂದ್ರ ತನ್ನ ಕೃತಿಯಲ್ಲಿ ದಾಖಲಿಸಿದ್ದಾನೆ. ದೊರೆಯ ಒಂದು ಪ್ರಶ್ನೆ ಕನ್ನಡದ ಪಂಡಿತನೊಬ್ಬನಲ್ಲಿ ಚರಿತ್ರೆಯನ್ನು ಬರೆಯುವ ಹಂಬಲವಾಗಿ ದಶಕಗಳ ಕಾಲ ಉಳಿದು ಗ್ರಂಥವಾಯಿತು. ಮೆಕೆಂಜಿಯ ಸಂಗ್ರಹ ಕೇವಲ ಒಮ್ಮುಖದ ಸಾಗಾಣಿಕೆಯಾಗಿರಲಿಲ್ಲ ಎಂಬುದಕ್ಕೆ ಕನ್ನಡ ಸಾಹಿತ್ಯದಲ್ಲಿಯೇ ಇರುವ ಸಾಕ್ಷಿ ಇದು.

1816ರಲ್ಲಿ ಥಾಮಸ್ ಹಿಕಿ ಮದರಾಸಿನಲ್ಲಿ ಬರೆದ ಮೆಕೆಂಜಿಯ ತೈಲಚಿತ್ರ ಈಗ ಬ್ರಿಟಿಷ್ ಲೈಬ್ರರಿಯಲ್ಲಿದೆ. ಕೆಂಪು ಸಮವಸ್ತ್ರದ ಮೆಕೆಂಜಿಯ ಸುತ್ತ ಮೂವರು ಭಾರತೀಯರು ನಿಂತಿದ್ದಾರೆ. ಒಬ್ಬನ ಕೈಯಲ್ಲಿ ದೂರದರ್ಶಕ, ಇನ್ನೊಬ್ಬನ ಕೈಯಲ್ಲಿ ತಾಳೆಗರಿ. ಹಿನ್ನೆಲೆಯ ಬೆಟ್ಟದ ಮೇಲೆ ಗೊಮ್ಮಟ. ಇವರನ್ನು ಲಕ್ಷ್ಮಯ್ಯ, ಧರ್ಮಯ್ಯ ಮತ್ತು ಜವಾನ ಕಿಷ್ಟನಾಜಿ ಎಂದು ವಿದ್ವಾಂಸರು ಗುರುತಿಸಿದ್ದಾರೆ. ತನ್ನ ಚಿತ್ರದಲ್ಲಿ ಸಹಾಯಕರಿಗೂ ಸ್ಥಳ ಕೊಟ್ಟದ್ದು ಮೆಕೆಂಜಿಯ ಔದಾರ್ಯವೆಂದು ಹೇಳುವುದು ಸುಲಭ. ಆದರೆ ಚಿತ್ರದ ನಡುವೆ ಇರುವವನು ಯಾರು, ಪಕ್ಕದಲ್ಲಿ ನಿಂತವರಾರು ಎಂಬುದನ್ನೂ ನೋಡಬೇಕು. ಸ್ನೇಹವಿದ್ದರೂ ಶ್ರೇಣಿ ಅಳಿಸಿರಲಿಲ್ಲ. ಆ ಶ್ರೇಣಿ ಬಿಳಿಯ ಮತ್ತು ಕರಿಯ ಎಂಬ ಎರಡೇ ಮೆಟ್ಟಿಲಿನದೂ ಆಗಿರಲಿಲ್ಲ. ಮುಖ್ಯ ಪಂಡಿತ, ಶಾಸನ ಓದುವ ಪಂಡಿತ, ಊರೂರು ಅಲೆಯುವ ಗುಮಾಸ್ತ, ಜವಾನ, ಕೊನೆಗೆ ಕಡತವನ್ನು ಬಿಚ್ಚಿಕೊಟ್ಟ ಹಳ್ಳಿಯ ಶಾನುಭೋಗ ಎಂಬ ಇಳಿಜಾರಿನಲ್ಲಿ ಹೆಸರುಗಳು ಹಂತಹಂತವಾಗಿ ಮಸುಕಾಗುತ್ತವೆ. ಬೋರಯ್ಯನಿಗೆ ಸಿಕ್ಕ ಮನ್ನಣೆ ಶಾನುಭೋಗನಿಗೆ ಸಿಗಲಿಲ್ಲ.

ಈ ಸಂಬಂಧದ ಸ್ವರೂಪ ಕುರಿತು ವಿದ್ವಾಂಸರಲ್ಲಿ ಒಮ್ಮತವಿಲ್ಲ. ನಿಕೋಲಸ್ ಡರ್ಕ್ಸ್ ತಮ್ಮ ಬರಹಗಳಲ್ಲಿ ಈ ಸಂಗ್ರಹವನ್ನು ವಸಾಹತುಶಾಹಿ ಪತ್ರಾಗಾರದ ಹುಟ್ಟಿನ ಕಥೆಯಾಗಿ ಓದುತ್ತಾರೆ. ದೇಶೀಯ ವಿದ್ವಾಂಸರ ಧ್ವನಿ ಆ ಪತ್ರಾಗಾರದೊಳಗೆ ಕ್ರಮೇಣ ಬರಿಯ ಮಾಹಿತಿಯಾಗಿ ಇಳಿದುಹೋದುದನ್ನು ತೋರಿಸುತ್ತಾರೆ. ಫಿಲಿಪ್ ವ್ಯಾಗನರ್ ಇದಕ್ಕೆ ಭಿನ್ನವಾಗಿ, ನಿಯೋಗಿ ವಿದ್ವಾಂಸರು ವಸಾಹತುಪೂರ್ವ ಆಡಳಿತ ಪರಂಪರೆಯಿಂದ ತಂದ ಕೌಶಲಗಳಿಲ್ಲದೆ ಈ ಜ್ಞಾನ ಹುಟ್ಟುತ್ತಲೇ ಇರಲಿಲ್ಲವೆಂದೂ ಆದ್ದರಿಂದ ಇದು ಸಂವಾದದ ಫಲವೆಂದೂ ವಾದಿಸುತ್ತಾರೆ. ರಮಾ ಸುಂದರಿ ಮಂತೆನ ಅವರು ದಕ್ಷಿಣ ಭಾರತದ ಆಧುನಿಕ ಇತಿಹಾಸಲೇಖನದ ಉಗಮದಲ್ಲಿ ಕಾವಲಿ ಸಹೋದರರಿಗೆ ಕೇಂದ್ರಸ್ಥಾನ ಕೊಡುತ್ತಾರೆ. ನನಗೆ ಈ ನಿಲುವುಗಳು ಪರಸ್ಪರ ವಿರೋಧಿಯೆನಿಸುವುದಿಲ್ಲ. ಅವು ಎರಡು ಕಾಲಘಟ್ಟಗಳನ್ನು ವಿವರಿಸುತ್ತವೆ. ಮೆಕೆಂಜಿ ಬದುಕಿರುವವರೆಗೆ ಸಂವಾದವೆಂಬ ಮಾತು ನಿಜ. ಆತ ಸತ್ತ ಮರುದಿನದಿಂದ ಡರ್ಕ್ಸ್ ಅವರ ವಿವರಣೆ ನಿಜವಾಗತೊಡಗುತ್ತದೆ. ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ಇಷ್ಟು ಬೇಗ ಜಾರಲು ಸಾಧ್ಯವಾದದ್ದೇಕೆ ಎಂಬಲ್ಲಿ ಈ ಸ್ನೇಹದ ಮಿತಿ ಅಡಗಿದೆ.

ಮೆಕೆಂಜಿ 1821ರ ಮೇ 8ರಂದು ಬಂಗಾಳದಲ್ಲಿ ತೀರಿಕೊಂಡ. ಆತನ ಪತ್ನಿ ಪೆಟ್ರೊನೆಲಾ ಸಂಗ್ರಹವನ್ನು ಸರಕಾರಕ್ಕೆ ಒಂದು ಲಕ್ಷ ರೂಪಾಯಿಗೆ ಮಾರಿದಳು. ಹೊರೇಸ್ ಹೇಮನ್ ವಿಲ್ಸನ್ ಅದರ ವಿವರಣಾತ್ಮಕ ಸೂಚಿಯನ್ನು ತಯಾರಿಸಿ 1828ರಲ್ಲಿ ಪ್ರಕಟಿಸಿದ. ಅದರ ಲೆಕ್ಕದಂತೆ 1,568 ಸಾಹಿತ್ಯಕೃತಿಗಳ ಹಸ್ತಪ್ರತಿಗಳು, 2,070 ಸ್ಥಳವೃತ್ತಾಂತಗಳು, 8,076 ಶಾಸನಪ್ರತಿಗಳು, 2,159 ಅನುವಾದಗಳು, 2,630 ಚಿತ್ರಗಳು, 6,218 ನಾಣ್ಯಗಳು ಅಲ್ಲಿದ್ದವು. ವಿಲ್ಸನ್ ಸಂಸ್ಕೃತದಲ್ಲಿ ಪಂಡಿತನಾಗಿದ್ದರೂ ದಕ್ಷಿಣದ ಭಾಷೆಗಳನ್ನು ಬಲ್ಲವನಾಗಿರಲಿಲ್ಲ. ಕನ್ನಡ, ತೆಲುಗು, ತಮಿಳು ಕೃತಿಗಳ ವಿವರಗಳಿಗೆ ಆತ ಪಂಡಿತರು ಮಾಡಿಕೊಟ್ಟ ಸಾರಾಂಶಗಳನ್ನೇ ಆಧರಿಸಬೇಕಾಯಿತು. ಮೆಕೆಂಜಿಗೂ ವಿಲ್ಸನ್‌ಗೂ ಪಂಡಿತರ ಮೇಲಿನ ಅವಲಂಬನೆ ಸಮಾನವಾಗಿಯೇ ಇತ್ತು. ಆದರೆ ಮೆಕೆಂಜಿಯಲ್ಲಿ ಅದು ಋಣವಾಗಿ ಕಂಡಿತ್ತು. ವಿಲ್ಸನ್‌ನ ಸೂಚಿಯಲ್ಲಿ ಅದು ಕೆಲಸದ ಒಂದು ಅನುಕೂಲವಾಗಿ ಉಳಿಯಿತು.

ಅಣ್ಣನ ಕಾಲದಿಂದ ನಡೆದುಬಂದ ಕಾರ್ಯವನ್ನು ಮುಂದುವರಿಸಲು ಅವಕಾಶ ಕೊಡಬೇಕೆಂದು ಲಕ್ಷ್ಮಯ್ಯ ಪ್ರಯತ್ನಿಸಿದ. ಮದರಾಸಿನಲ್ಲಿ ಹಿಂದೂ ಲಿಟರರಿ ಸೊಸೈಟಿಯ ನೇತೃತ್ವವನ್ನೂ ವಹಿಸಿಕೊಂಡಿದ್ದ ಅವನ ಯೋಜನೆ ಸರಕಾರದ ಮೂಲಕ ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯ ಅಭಿಪ್ರಾಯಕ್ಕೆ ಹೋಯಿತು. 1836ರಲ್ಲಿ ಸೊಸೈಟಿಯ ಪತ್ರಿಕೆಯಲ್ಲಿ ಬಂದ ಸಮಿತಿಯ ವರದಿ ಅದನ್ನು ತಳ್ಳಿಹಾಕಿತು. ಇಷ್ಟು ವಿಸ್ತಾರದ ಕಾರ್ಯಕ್ಕೆ ಸಾಮಾನ್ಯೀಕರಿಸಬಲ್ಲ, ಶಾಸನ ಮತ್ತು ಐತಿಹ್ಯಗಳ ತೂಕವನ್ನು ಅಳೆಯಬಲ್ಲ ಹಿರಿಯ ಮಸ್ತಿಷ್ಕವೊಂದರ ಹತೋಟಿ ಬೇಕು, ಲಕ್ಷ್ಮಯ್ಯನೇ ಏಕೆ, ಯಾವ ದೇಶೀಯನಿಗೂ ಆ ಯೋಗ್ಯತೆ ಇದೆಯೆನ್ನುವುದು ಕಷ್ಟ ಎಂಬುದು ಅದರ ಇಂಗಿತ. ಆಗ ಸೊಸೈಟಿಯ ಕಾರ್ಯದರ್ಶಿಯಾಗಿದ್ದವನು ಜೇಮ್ಸ್ ಪ್ರಿನ್ಸೆಪ್. ಮರುವರ್ಷವೇ ಬ್ರಾಹ್ಮೀ ಲಿಪಿಯನ್ನು ಬಿಡಿಸಿ ಪ್ರಸಿದ್ಧನಾದ ಆ ಪ್ರತಿಭಾವಂತನ ಕೆಲಸಕ್ಕೂ ಕಮಲಾಕಾಂತ ವಿದ್ಯಾಲಂಕಾರನಂಥ ಪಂಡಿತರ ನೆರವಿತ್ತು. ಮೆಕೆಂಜಿಯ ಕಾಗದಪತ್ರಗಳ ಪರಿಶೀಲನೆ ಕೊನೆಗೆ ಮದರಾಸಿನ ಪಾದ್ರಿ ವಿಲಿಯಂ ಟೇಲರನ ಪಾಲಾಯಿತು.

ಹದಿನೆಂಟು ವರ್ಷ ಇಡೀ ಕಾರ್ಯವನ್ನು ನಡೆಸಿದವನಿಗೆ ಅದನ್ನು ನಡೆಸುವ ಯೋಗ್ಯತೆಯಿಲ್ಲವೆಂದು ಹೇಳಲು ಸಾಧ್ಯವಾದದ್ದು ಹೇಗೆ? ಮೆಕೆಂಜಿ ತನ್ನ ಕೃತಜ್ಞತೆಯನ್ನು ಪತ್ರದಲ್ಲಿ ಬರೆದ, ಶೀರ್ಷಿಕೆಯಲ್ಲಿ ಅಚ್ಚು ಹಾಕಿಸಿದ, ಚಿತ್ರದಲ್ಲಿ ಬರೆಸಿದ. ಆದರೆ ಅದನ್ನು ಹುದ್ದೆಯಾಗಿ, ಹಕ್ಕಾಗಿ ಪರಿವರ್ತಿಸಲಿಲ್ಲ. ಕಾವಲಿ ಸಹೋದರರ ಸ್ಥಾನ ಒಬ್ಬ ವ್ಯಕ್ತಿಯ ವಿಶ್ವಾಸದ ಮೇಲೆ ನಿಂತಿತ್ತು, ಸಂಸ್ಥೆಯ ನಿಯಮದ ಮೇಲಲ್ಲ. ವ್ಯಕ್ತಿ ಹೋದಾಗ ವಿಶ್ವಾಸವೂ ಹೋಯಿತು. ಇದಕ್ಕಾಗಿ ಮೆಕೆಂಜಿಯ ಪ್ರೀತಿಯನ್ನು ಹುಸಿಯೆನ್ನಬೇಕಾಗಿಲ್ಲ. ಅಸಮಾನ ವ್ಯವಸ್ಥೆಯೊಳಗೆ ಇಬ್ಬರ ನಡುವೆ ಸಮಾನತೆಯ ಗಳಿಗೆಗಳು ಇರಬಲ್ಲವು. ಅವು ವ್ಯವಸ್ಥೆಯನ್ನು ತಾವಾಗಿಯೇ ತಿದ್ದಲಾರವು.

ಕಿರಿಯ ತಮ್ಮ ಕಾವಲಿ ವೆಂಕಟ ರಾಮಸ್ವಾಮಿ ಆರಿಸಿಕೊಂಡ ದಾರಿ ಬೇರೆ. ಅವನು ಇಂಗ್ಲಿಷಿನಲ್ಲಿ ಸ್ವತಃ ಗ್ರಂಥಕರ್ತನಾದ. 1829ರಲ್ಲಿ ಕಲ್ಕತ್ತೆಯಲ್ಲಿ ಹೊರತಂದ ದಖ್ಖಣದ ಕವಿಗಳ ಚರಿತ್ರೆಯಲ್ಲಿ ಅಣ್ಣ ಬೋರಯ್ಯನನ್ನೂ ಸೇರಿಸಿದ. ಮೆಕೆಂಜಿಯ ಬರಹದಲ್ಲಿ ಬೋರಯ್ಯ ಬಾಗಿಲು ತೆರೆದುಕೊಟ್ಟವನು. ತಮ್ಮನ ಪುಸ್ತಕದಲ್ಲಿ ಅವನು ಕವಿಗಳ ಸಾಲಿನಲ್ಲಿ ನಿಂತ ಕವಿ. ಬೇರೊಬ್ಬರ ಕೃತಜ್ಞತೆಯನ್ನು ನೆಚ್ಚಿಕೊಳ್ಳದೆ ತಮ್ಮವರ ಹೆಸರನ್ನು ತಾವೇ ದಾಖಲಿಸಿದ ಕಾರ್ಯ ಇದು.

1828ರ ನಂತರ ದಕ್ಷಿಣ ಭಾರತದ ಭಾಷೆಗಳ ಹಸ್ತಪ್ರತಿಗಳು ಮದರಾಸಿಗೆ ಮರಳಿದವು. ಇಂಗ್ಲಿಷ್ ಅನುವಾದಗಳೂ ಚಿತ್ರಗಳೂ ಬಹುಪಾಲು ಲಂಡನ್ನಿನಲ್ಲಿ ಉಳಿದವು. 1953ರಲ್ಲಿ ಆಂಧ್ರ ರಾಜ್ಯ ರಚನೆಯಾದಾಗ ಹಳೆಯ ಬಳ್ಳಾರಿ ಜಿಲ್ಲೆ ಒಡೆಯಿತು. ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದವು; ಬಳ್ಳಾರಿ ಮೈಸೂರಿಗೆ ಬಂತು. ಒಂದೇ ಮೋಜಣಿಯ ಕಾಲದಲ್ಲಿ, ಒಂದೇ ಗುಂಪಿನವರು ಸಂಗ್ರಹಿಸಿದ ಬರಹಗಳನ್ನು ಎರಡು ರಾಜ್ಯಗಳ ವಿದ್ವಾಂಸರು ಎರಡು ಭಾಷೆಗಳ ಚರಿತ್ರೆಗಳಾಗಿ ಸಂಪಾದಿಸಿಕೊಂಡರು. ಕನ್ನಡದಲ್ಲಿ ಎಂ.ಎಂ. ಕಲಬುರ್ಗಿಯವರು ಸಂಪಾದಿಸಿ ಹಂಪಿಯ ಕನ್ನಡ ವಿಶ್ವವಿದ್ಯಾಲಯದಿಂದ ಹೊರಬಂದ ‘ಕರ್ನಾಟಕದ ಕೈಫಿಯತ್ತುಗಳು’ ಈ ದಿಸೆಯ ಮಹತ್ವದ ಕೆಲಸ. ಅಂಥ ಸಂಪಾದನೆಗಳ ಮೇಲೆ ಈಗ ನಡೆಯಬೇಕಾದ ಇನ್ನೊಂದು ಕೆಲಸವಿದೆ. ಆದವಾನಿಯ ಒಂದು ಕೈಫಿಯತ್ತು ಕನ್ನಡದ್ದೋ ತೆಲುಗಿನದ್ದೋ ಎಂದು ಹಂಚಿಕೊಳ್ಳುವುದಕ್ಕಿಂತ ಮೊದಲು, ಅದನ್ನು ಹೇಳಿದ ಶಾನುಭೋಗ ಯಾರು, ಬರೆದುಕೊಂಡ ಗುಮಾಸ್ತ ಯಾರು, ಯಾವ ಭಾಷೆಯಲ್ಲಿ ಕೇಳಿ ಯಾವ ಲಿಪಿಯಲ್ಲಿ ಬರೆದ, ಇಂಗ್ಲಿಷಿಗೆ ಯಾರು ತಂದರು ಎಂಬುದನ್ನು ಪ್ರತಿಯೊಂದು ಪ್ರತಿಗೂ ಗುರುತಿಸಬೇಕು. ಹಲವು ಪ್ರತಿಗಳಲ್ಲಿ ಈ ಹೆಸರುಗಳು ದಿನಾಂಕದ ಪಕ್ಕದಲ್ಲಿ, ವರದಿಯ ಕೊನೆಯ ಸಾಲಿನಲ್ಲಿ ಇವೆ. ಸೂಚಿಗಳಲ್ಲಿ ಮಾತ್ರ ಇಲ್ಲ.

ಗಡಿನಾಡಿನ ದ್ವಿಭಾಷಿಕ ವಿದ್ವಾಂಸರಾದ ನಮಗೆ ಈ ಪ್ರಕರಣ ಹತ್ತಿರದ್ದು. ಎರಡು ಭಾಷೆಗಳ ನಡುವೆ ನಿಂತು ಒಂದರದ್ದನ್ನು ಇನ್ನೊಂದಕ್ಕೆ ದಾಟಿಸುವವನನ್ನು ಸಹಾಯಕನೆಂದು ಕರೆಯುವ ಅಭ್ಯಾಸ ಕಂಪನಿಯೊಡನೆ ಮುಗಿದುಹೋಗಿಲ್ಲ. ಕ್ಷೇತ್ರಕಾರ್ಯದಲ್ಲಿ ಜೊತೆಗೆ ಬಂದು ಮನೆಮನೆಯ ಬಾಗಿಲು ತೆರೆಸಿಕೊಟ್ಟವರ ಹೆಸರು ಇಂದಿಗೂ ಹೆಚ್ಚಿನ ಮಹಾಪ್ರಬಂಧಗಳಲ್ಲಿ ಕೃತಜ್ಞತೆಯ ಪುಟಕ್ಕೆ ಸೀಮಿತ. ಮೆಕೆಂಜಿ ಅದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿ ಬೋರಯ್ಯನ ಹೆಸರನ್ನು ಬರಹದ ಶೀರ್ಷಿಕೆಯಲ್ಲಿಟ್ಟ. ಎರಡು ಶತಮಾನಗಳ ನಂತರ ನಮ್ಮ ಸೂಚಿಗಳು, ಸಂಪಾದನೆಗಳು, ಸಂಶೋಧನ ಪ್ರಬಂಧಗಳು ಕನಿಷ್ಠ ಅಷ್ಟನ್ನಾದರೂ ಮಾಡಬೇಕು. ಲಕ್ಷ್ಮಯ್ಯನಿಗೆ ತಪ್ಪಿಹೋದುದನ್ನು, ಎಂದರೆ ಹೆಸರಿನ ಜೊತೆಗೆ ಬರಬೇಕಾದ ಸ್ಥಾನವನ್ನು, ಕೊಡುವ ಕೆಲಸ ಅಲ್ಲಿಂದ ಮುಂದಿನದು.